ಒಪ್ಪಿದ್ದೋ, ಅಪ್ಪಿದ್ದೋ?

ಓದುಗರ ಮುಂದೆ ಮೊದಲು ಒಂದು ತಪ್ಪೊಪ್ಪಿಗೆ. ನಮ್ಮ ಸಂಘದ ಸ್ಮರಣ ಸಂಚಿಕೆಗೆ ಹಿರಿಯ ಸದಸ್ಯರ ಕಿರುಪರಿಚಯಗಳನ್ನು ಬರೆದುಕೊಡುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಇಪ್ಪತ್ತು ವರ್ಷ ಟಿಪ್ಪಣಿ ಬರೆದು ಪಳಗಿದ ಕೈಗೆ ಇದೇನು ಮಹಾ ಎಂದುಕೊಂಡು ಹೂಂ ಎಂದೆವು. ಹಾಗೆ ಬರೆದವುಗಳಲ್ಲಿ ಒಂದು, ವಡಾಲದ ಕಾತ್ರಕ್ ರಸ್ತೆಯ ಹತ್ತಿರ ಮಗನ ಮನೆಯಲ್ಲಿರುವ ಹಿರಿಯರೊಬ್ಬರ ಪರಿಚಯ. ದಕ್ಷಿಣ ಕನ್ನಡದಿಂದ ಹನ್ನೆರಡನೆಯ ವಯಸ್ಸಿಗೆ ಮುಂಬಯಿಗೆ ಬಂದವರು. ಹಗಲೆಲ್ಲ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದವರು. ಆಮೇಲೆ ಪರೇಲಿನ ಕಡೆಯ ಬಟ್ಟೆ ಗಿರಣಿಯೊಂದರಲ್ಲಿ ಮೂವತ್ತು ವರ್ಷಕ್ಕೆ ಸಮೀಪ ದುಡಿದವರು. ಅವರ ಬದುಕಿನ ಕಥೆಯನ್ನು ಒಂದೂವರೆ ಪುಟಕ್ಕೆ ಇಳಿಸಿ, ಕೊನೆಗೆ ಹೀಗೆ ಬರೆದಿದ್ದೆವು: ‘2000ನೆಯ ಇಸವಿಯಲ್ಲಿ ಸ್ವಯಂ ನಿವೃತ್ತಿಯನ್ನು ಅಪ್ಪಿಕೊಂಡು ಈಗ ವಿಶ್ರಾಂತ ಜೀವನ ನಡೆಸುತ್ತಿದ್ದಾರೆ.’

ಕರಡು ಪ್ರತಿಯನ್ನು ತೋರಿಸೋಣವೆಂದು ಒಂದು ಭಾನುವಾರ ಹೋದೆವು. ಅವರು ಭೂತಗನ್ನಡಿ ಹಿಡಿದು ನಿಧಾನವಾಗಿ, ಅಕ್ಷರ ಅಕ್ಷರ ಬಿಡದೆ ಓದಿದರು. ಕೊನೆಯ ಸಾಲಿಗೆ ಬಂದಾಗ ಭೂತಗನ್ನಡಿ ನಿಂತಿತು.

“ಎಂತ ಮಾರಾಯ್ರೆ, ನಾನು ಯಾರನ್ನು ಅಪ್ಪಿಕೊಂಡದ್ದು?”

“ಸ್ವಯಂ ನಿವೃತ್ತಿ ತೆಗೆದುಕೊಂಡಿರಲ್ಲ ಮಾಮ, ಅದನ್ನೇ ಹಾಗೆ ಬರೆದದ್ದು” ಎಂದೆವು.

“ಗೇಟಿನ ಹತ್ತಿರ ಮೇಜು ಹಾಕಿ ಕೂತಿದ್ದರು. ನಾವೆಲ್ಲ ಸಾಲಿನಲ್ಲಿ ನಿಂತಿದ್ದೆವು. ಇಲ್ಲಿ ಸಹಿ ಹಾಕು ಅಂದರು, ಹಾಕಿದೆ. ಅಷ್ಟೆ ನಡೆದದ್ದು. ಅಪ್ಪಿಕೊಳ್ಳುವುದು ಅಂದರೆ ಇದನ್ನು” ಎಂದು, ಪಕ್ಕದಲ್ಲಿ ಬಣ್ಣದ ಪೆನ್ಸಿಲು ಹಿಡಿದು ಕೂತಿದ್ದ ಮೊಮ್ಮಗಳ ತಲೆ ಸವರಿದರು.

ನಮಗೆ ನಾಚಿಕೆಯಾಯಿತು. ಆ ಶಬ್ದ ನಮ್ಮ ಲೇಖನಿಗೆ ಬಂದದ್ದಾದರೂ ಎಲ್ಲಿಂದ? ಯೋಚಿಸಿದರೆ, ದಿನಾ ಬೆಳಿಗ್ಗೆ ಓದುವ ಪತ್ರಿಕೆಗಳಿಂದ. ರೈತರು ಹೊಸ ಬೀಜವನ್ನು ಅಪ್ಪಿಕೊಳ್ಳುತ್ತಾರೆ, ವರ್ತಕರು ಹೊಸ ತೆರಿಗೆಯನ್ನು ಅಪ್ಪಿಕೊಳ್ಳುತ್ತಾರೆ, ರಾಜ್ಯಗಳು ಕೇಂದ್ರದ ಯೋಜನೆಯನ್ನು ಅಪ್ಪಿಕೊಳ್ಳುತ್ತವೆ, ಒಂದು ಪಕ್ಷ ಇನ್ನೊಂದು ಪಕ್ಷದ ಸಿದ್ಧಾಂತವನ್ನು ಅಪ್ಪಿಕೊಳ್ಳುತ್ತದೆ. ಗಿರಣಿಗಳಿದ್ದ ಜಾಗದಲ್ಲಿ ಗಾಜಿನ ಗೋಪುರಗಳು ಎದ್ದಾಗ ‘ಮುಂಬಯಿ ಮಾಲ್ ಸಂಸ್ಕೃತಿಯನ್ನು ಅಪ್ಪಿಕೊಂಡಿತು’ ಎಂಬ ಧಾಟಿಯ ಬರಹಗಳನ್ನು ನಾವೇ ಎಷ್ಟೋ ಓದಿ ತಲೆದೂಗಿದ್ದೇವೆ. ಇಂಗ್ಲಿಷಿನವರಿಗೆ ಇದು ಹಳೆಯ ಚಾಳಿ. ಅಲ್ಲಿ ದೇಶಗಳು ಸಮಾಜವಾದವನ್ನೂ ಮಾರುಕಟ್ಟೆಯನ್ನೂ ಸರದಿಯ ಮೇಲೆ ಅಪ್ಪಿಕೊಳ್ಳುತ್ತಲೇ ಇರುತ್ತವೆ. ಅಲ್ಲಿಂದ ನಮ್ಮ ಪತ್ರಕರ್ತ ಮಿತ್ರರು ತಂದರು, ಅವರಿಂದ ನಾವು ಎತ್ತಿಕೊಂಡೆವು.

ಎಲ್ಲ ದೋಷವನ್ನೂ ಇಂಗ್ಲಿಷಿನ ತಲೆಗೆ ಕಟ್ಟುವಂತಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಕನ್ನಡ ಪತ್ರಿಕೆಗಳಲ್ಲಿ ಯಾರೂ ಸುಮ್ಮನೆ ಸಾಯುವುದಿಲ್ಲ, ಎಲ್ಲರೂ ‘ಸಾವನ್ನಪ್ಪುತ್ತಾರೆ’. ಹಿಂದೆ ಊರು ಕಾಯಲು, ತುರು ಬಿಡಿಸಿ ತರಲು ಹೋಗಿ ಮಡಿದವನಿಗೆ ವೀರಗಲ್ಲು ನಿಲ್ಲಿಸುತ್ತಿದ್ದರು. ಮನೆಯಲ್ಲೇ ಉಳಿಯಬಹುದಾಗಿದ್ದವನು ಎದ್ದು ಹೋದ. ಅವನು ಮರಣವನ್ನಪ್ಪಿದ ಎಂದರೆ ಅದಕ್ಕೆ ಅರ್ಥವುಂಟು. ಸಲ್ಲೇಖನ ಹಿಡಿದವರ ವಿಷಯದಲ್ಲೂ ಆ ಮಾತು ಸಲ್ಲುತ್ತದೆ. ಆದರೆ ಬೆಳಗಿನ ಎಂಟೂವರೆಗೆ ಹಾರ್ಬರ್ ಲೈನಿನ ಲೋಕಲ್ಲಿನ ಬಾಗಿಲಿಗೆ ಜೋತುಬಿದ್ದ ಹುಡುಗ, ಕಂಬ ತಗಲಿ ಹಳಿಯ ಮೇಲೆ ಬಿದ್ದರೆ ಅವನೂ ಸಾವನ್ನಪ್ಪಿದನೆ? ಅವನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದದ್ದು ಬಾಗಿಲ ಕಂಬಿಯನ್ನು. ಅವನು ಅಪ್ಪಿಕೊಂಡದ್ದೇನಾದರೂ ಇದ್ದರೆ ಬದುಕನ್ನೇ.

ಇದನ್ನು ನಮ್ಮ ಸಂಘದ ಪತ್ರಿಕೆಯ ಕೆಲಸ ನೋಡುವ ಮಿತ್ರರೊಬ್ಬರ ಮುಂದೆ ಹೇಳಿದಾಗ ಅವರು ನಕ್ಕರು. “ಸವೆದ ನಾಣ್ಯ ಅದು. ಅದರ ಮೇಲಿನ ಮುದ್ರೆಯನ್ನು ಈಗ ಯಾರು ನೋಡುತ್ತಾರೆ? ಸಾವನ್ನಪ್ಪಿದರು ಅಂದರೆ ಸತ್ತರು ಅಂತಲೇ ಎಲ್ಲರಿಗೂ ತಿಳಿಯುತ್ತದೆ. ಸತ್ತವರಿಗೆ ಕೊಡುವ ಒಂದು ಗೌರವ ಅಷ್ಟೆ” ಎಂದರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಮಾತೆಲ್ಲ ಒಂದು ಕಾಲಕ್ಕೆ ರೂಪಕವಾಗಿದ್ದದ್ದೇ. ಪ್ರತಿಯೊಂದನ್ನೂ ತಿರುವಿ ತಿರುವಿ ನೋಡುತ್ತ ಕುಳಿತರೆ ಬಾಯಿ ತೆರೆಯುವಂತಿಲ್ಲ. ತೊಂಬತ್ತು ದಾಟಿ ಹಾಸಿಗೆಯಲ್ಲಿ ಶಾಂತವಾಗಿ ಹೋದ ಅಜ್ಜಿಯ ಬಗ್ಗೆ ಹಾಗೆ ಬರೆದರೆ ನಾವೂ ಜಗಳ ತೆಗೆಯುವುದಿಲ್ಲ. ಆದರೆ ಹೊಣೆಯ ಪ್ರಶ್ನೆ ಇರುವ ಕಡೆ ಈ ಸವೆದ ನಾಣ್ಯ ಚಲಾವಣೆಯಾದರೆ ಯಾರಿಗೋ ಚಿಲ್ಲರೆಯಲ್ಲಿ ಮೋಸವಾಗುತ್ತದೆ. ಬಿದ್ದವನು ತಾನೇ ಅಪ್ಪಿದ ಎಂದಮೇಲೆ ಬಾಗಿಲಿಲ್ಲದ ಗಾಡಿಯನ್ನು ಯಾರು ಕೇಳುತ್ತಾರೆ?

ಕನ್ನಡಕ್ಕೆ ಶಬ್ದದ ಬರವೂ ಇಲ್ಲ. ಒಪ್ಪುವುದು, ಒಪ್ಪಿಕೊಳ್ಳುವುದು, ಒಗ್ಗಿಕೊಳ್ಳುವುದು, ಹೊಂದಿಕೊಳ್ಳುವುದು, ಮಣಿಯುವುದು, ತಲೆಬಾಗುವುದು, ತಾಳಿಕೊಳ್ಳುವುದು, ಬೇರೆ ದಾರಿ ಕಾಣದೆ ಹೂಂ ಎನ್ನುವುದು: ಒಂದೊಂದಕ್ಕೂ ಬೇರೆ ಬೇರೆ ತೂಕ. ‘ಒಪ್ಪು’ ಮತ್ತು ‘ಅಪ್ಪು’ಗಳಿಗೆ ಒಂದೇ ಅಕ್ಷರದ ಅಂತರ, ಆದರೆ ಒಪ್ಪಿದ್ದು ತಲೆ, ಅಪ್ಪಿದ್ದು ಎದೆ. ತಲೆ ಒಪ್ಪಿದ್ದನ್ನು ಎದೆ ಅಪ್ಪಿಕೊಂಡಿತು ಎಂದು ಬರೆಯುವವನು, ತಾನು ಕಾಣದ ಜಾಗದ ಬಗ್ಗೆ ಸಾಕ್ಷಿ ಹೇಳುತ್ತಿದ್ದಾನೆ. ನ್ಯಾಯಾಲಯದಲ್ಲಾದರೆ ಇದಕ್ಕೆ ಬೇರೆ ಹೆಸರಿದೆ.

ದೊಡ್ಡ ಉದಾಹರಣೆಯನ್ನೇ ನೋಡೋಣ. 1991ರಲ್ಲಿ ಭಾರತವು ಉದಾರೀಕರಣವನ್ನು ಅಪ್ಪಿಕೊಂಡಿತು ಎಂದು ಶಾಲೆಯ ಮಕ್ಕಳೂ ಬರೆಯುತ್ತಾರೆ. ಆಗ ನಾವು ಶಿರಸಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಓದುತ್ತಿದ್ದ ಹುಡುಗ. ಅಲ್ಲಿ ಯಾರೂ ಏನನ್ನೂ ಅಪ್ಪಿಕೊಂಡ ನೆನಪಿಲ್ಲ. ದೊಡ್ಡವರಾದ ಮೇಲೆ ಓದಿ ತಿಳಿದದ್ದು ಇಷ್ಟು: ದೇಶದ ಬಳಿ ಇದ್ದ ವಿದೇಶಿ ಹಣ ಕೆಲವು ವಾರಗಳ ಆಮದಿಗೆ ಮಾತ್ರ ಸಾಲುವಷ್ಟಿತ್ತು, ಆ ಜುಲೈ ತಿಂಗಳ 1ರಂದು ಮತ್ತು 3ರಂದು ಎರಡು ಕಂತಿನಲ್ಲಿ ರೂಪಾಯಿಯ ಬೆಲೆ ಇಳಿಸಿದರು, ಅದೇ ತಿಂಗಳು ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಬಂಗಾರ ನಮ್ಮ ಇದೇ ಮುಂಬಯಿಯಿಂದ ವಿಮಾನವೇರಿ ಒತ್ತೆಗೆ ಹೋಯಿತು, ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲ ಷರತ್ತುಗಳನ್ನು ಹೊತ್ತು ಬಂತು, 24ರಂದು ಮನಮೋಹನ ಸಿಂಗರು ಮುಂಗಡಪತ್ರ ಮಂಡಿಸಿದರು. ಹೆಂಡತಿಯ ಬಳೆ ಒತ್ತೆಯಿಟ್ಟು ಸಾಲ ತಂದವನ ಬಗ್ಗೆ ‘ಆತ ಲೇವಾದೇವಿಯವನನ್ನು ಅಪ್ಪಿಕೊಂಡ’ ಎಂದು ನಮ್ಮ ಊರಿನಲ್ಲಿ ಯಾರಾದರೂ ಹೇಳುತ್ತಾರೆಯೆ?

ಆ ಸುಧಾರಣೆ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾವು ಹೋಗುವುದಿಲ್ಲ. ಅದು ನಮ್ಮ ಅಳತೆಯ ವಿಷಯವಲ್ಲ. ಅದರಿಂದ ಬೆಂಗಳೂರಿನಲ್ಲಿ ಎಷ್ಟೋ ಮನೆಗಳಿಗೆ ಬೆಳಕು ಬಂತು, ನಮ್ಮ ನೆಂಟರಲ್ಲೇ ಉಂಟು. ಮನಸಾರೆ ಬಯಸಿದವರೂ ಆಗ ಇದ್ದರು. ಅವರ ಮಟ್ಟಿಗೆ ಅಪ್ಪಿಕೊಂಡರು ಎಂದರೆ ಸರಿಯೇ. ಆದರೆ ‘ಭಾರತ’ಕ್ಕೆ ಕೈಗಳೆಲ್ಲಿವೆ? ಕೈ ಇದ್ದವರು ಬೇರೆ ಬೇರೆ ಜನ. ಕೆಲವರು ಚಾಚಿದರು, ಕೆಲವರು ಕಟ್ಟಿಕೊಂಡು ನಿಂತರು, ಕೆಲವರ ಕೈಯಿಂದ ಹೆಬ್ಬೆಟ್ಟು ಒತ್ತಿಸಿಕೊಂಡರು. ಅಷ್ಟನ್ನೂ ಒಂದು ಕ್ರಿಯಾಪದದೊಳಗೆ ಹಾಕಿ ಕಟ್ಟಿದರೆ ಗಂಟು ಚೆನ್ನಾಗಿ ಕಾಣುತ್ತದೆ, ಒಳಗಿರುವುದು ಕಾಣುವುದಿಲ್ಲ.

ನಮ್ಮದೇ ಮೈಗೆ ಹತ್ತಿರದ ಸಂಗತಿ ಒಂದುಂಟು. 2004ರ ಜನವರಿ 1ರ ನಂತರ ಕೇಂದ್ರ ಸೇವೆಗೆ ಸೇರಿದವರಿಗೆ, ಸೈನಿಕರನ್ನು ಬಿಟ್ಟು, ಹಳೆಯ ಪಿಂಚಣಿ ಇಲ್ಲ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇಕಡಾ 10ರಷ್ಟು ನಾವು ಕಟ್ಟುವುದು, ಸರ್ಕಾರ ತನ್ನ ಪಾಲು ಹಾಕುವುದು, ಕೊನೆಗೆ ಮಾರುಕಟ್ಟೆ ಕೊಟ್ಟಷ್ಟು ಪಡೆಯುವುದು. ನಾವು ಸೇರಿದ್ದು 2006ರಲ್ಲಿ. ಬಿಎಸ್ಸಿ ಮುಗಿಸಿ ಎರಡು ವರ್ಷ ಕೆಲಸ ಹುಡುಕಿ ಸೋತಿದ್ದವನ ಕೈಗೆ ನೇಮಕಾತಿ ಪತ್ರ ಬಂದಾಗ, ಪಿಂಚಣಿಯ ಕಲಮನ್ನು ಓದುವ ವ್ಯವಧಾನ ಯಾರಿಗಿತ್ತು? ಆ ದಿನ ನಮ್ಮ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ಮುಂದೆ ಯಾವುದೋ ಪತ್ರಿಕೆಯಲ್ಲಿ ‘ಹೊಸ ತಲೆಮಾರಿನ ನೌಕರರು ಮಾರುಕಟ್ಟೆಯಾಧಾರಿತ ಪಿಂಚಣಿಯನ್ನು ಅಪ್ಪಿಕೊಂಡಿದ್ದಾರೆ’ ಎಂಬ ಅರ್ಥದ ಮಾತನ್ನು ಓದಿದಾಗ, ಊಟದ ಡಬ್ಬಿ ಮುಚ್ಚಿಟ್ಟು ಗೆಳೆಯರಿಗೆಲ್ಲ ಓದಿ ಹೇಳಿ ಸಿಟ್ಟಾಗಿದ್ದೆವು. ಮತ್ತೆ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆ ಬಂತು. 25 ವರ್ಷ ಸೇವೆ ಪೂರೈಸಿದವರಿಗೆ ಕೊನೆಯ 12 ತಿಂಗಳ ಮೂಲ ವೇತನದ ಸರಾಸರಿಯ ಅರ್ಧದಷ್ಟು ಖಚಿತ ಪಿಂಚಣಿ. ಬೇಕೋ ಬೇಡವೋ ಎಂದು ಬರೆದುಕೊಡಲು ಗಡುವು ಕೊಟ್ಟರು, ಗಡುವನ್ನು ಮುಂದೂಡಿದರು, ಮತ್ತೊಮ್ಮೆ ಮುಂದೂಡಿದರು. ಆಯ್ಕೆಗೆ ನಮ್ಮ ಕಚೇರಿಯ ಹಿಂದಿಯಲ್ಲಿ ‘ವಿಕಲ್ಪ’ ಎನ್ನುತ್ತಾರೆ. ಕನ್ನಡದಲ್ಲಿ ವಿಕಲ್ಪವೆಂದರೆ ಏನೆಂದು ಬಲ್ಲ ನಮಗೆ ಆ ಕಾಗದ ಕಂಡಾಗಲೆಲ್ಲ ನಗು. ಕ್ಯಾಂಟೀನಿನಲ್ಲಿ ಕಾಗದದ ಮೇಲೆ ಕೂಡಿ ಕಳೆದು, ಮನೆಯವರನ್ನು ಕೇಳಿ, ಅಂತೂ ಒಂದು ಕಡೆ ನಿಂತೆವು. ಯಾವ ಕಡೆ ಎಂಬುದು ಇಲ್ಲಿ ಮುಖ್ಯವಲ್ಲ. ಎರಡರಲ್ಲಿ ಯಾವುದನ್ನೂ ನಾವು ಅಪ್ಪಿಕೊಳ್ಳಲಿಲ್ಲ. ನಮ್ಮ ಬಗ್ಗೆ ಇನ್ನೊಬ್ಬರು ಬರೆದಾಗ ಇಷ್ಟು ಉರಿದವರು, ಗಿರಣಿಯ ಹಿರಿಯರ ಬಗ್ಗೆ ನಾವೇ ಬರೆಯುವಾಗ ಮರೆತೆವಲ್ಲ ಎಂಬುದೇ ಈಗ ಚುಚ್ಚುತ್ತಿರುವುದು.

ಅವರಿದ್ದ ಗಿರಣಿಯ ಹೆಸರು ಬೇಡ. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಿದ್ದರು. ಮುಷ್ಕರ ಮುಗಿಯಿತೆಂದು ಯಾರೂ ವಿಧಿವತ್ತಾಗಿ ಸಾರಲಿಲ್ಲ, ಅದು ಹಾಗೆಯೇ ಕರಗಿ ಹೋಯಿತು. ಮತ್ತೆ ಒಳಗೆ ಹೋಗಲು ಸಿಕ್ಕ ಕೆಲವರಲ್ಲಿ ನಮ್ಮ ಹಿರಿಯರೂ ಒಬ್ಬರು. ಆಮೇಲಿನ ಹದಿನೇಳು ವರ್ಷ, ಒಂದೊಂದೇ ಖಾತೆ ಮುಚ್ಚುವುದನ್ನು ನೋಡುತ್ತ ದುಡಿದರು. ‘ಸ್ವಯಂ’ ಎಂಬ ಶಬ್ದ ಆ ನಿವೃತ್ತಿಗೆ ಅಂಟಿಕೊಂಡದ್ದೇ ಹೀಗೆ ಕಾಗದದ ಮೇಲೆ. ಅದರ ಮೇಲೆ ನಾವು ‘ಅಪ್ಪಿಕೊಂಡು’ ಎಂಬ ಇನ್ನೊಂದು ಹೂವನ್ನು ಮುಡಿಸಿದ್ದೆವು.

ಅಪ್ಪುಗೆಯೆಲ್ಲ ಪ್ರೀತಿಯಲ್ಲ ಎಂಬುದನ್ನು ನಮ್ಮ ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ಮಹಾಭಾರತದ ಸ್ತ್ರೀಪರ್ವದಲ್ಲಿ ಕುರುಡು ದೊರೆ ಭೀಮನನ್ನು ಬಾ ಎಂದು ಕರೆದಾಗ ಕೃಷ್ಣನು ಕಬ್ಬಿಣದ ಗೊಂಬೆಯನ್ನು ಮುಂದೆ ತಳ್ಳಿದ, ಗೊಂಬೆ ಪುಡಿಯಾಯಿತು. ಇಂದಿಗೂ ರಾಜಕೀಯದ ಹೊಂದಾಣಿಕೆಗಳನ್ನು ಕುರಿತು ‘ಧೃತರಾಷ್ಟ್ರಾಲಿಂಗನ’ ಎನ್ನುತ್ತೇವೆ. ಮಹಾರಾಷ್ಟ್ರದಲ್ಲಿ ಬಾಳುವ ನಮ್ಮ ಮಕ್ಕಳಿಗೆ 1659ರಲ್ಲಿ ಪ್ರತಾಪಗಡದ ಬುಡದಲ್ಲಿ ಅಫಜಲಖಾನ ಶಿವಾಜಿಯನ್ನು ಅಪ್ಪಿದ ಕಥೆ ಶಾಲೆಯಲ್ಲೇ ಗೊತ್ತು. ಕರಾವಳಿಯ ಬಂಧುಗಳು 2019 ಮತ್ತು 2020ರ ಏಪ್ರಿಲ್ ತಿಂಗಳುಗಳನ್ನು ಮರೆತಿರಲಾರರು. ಮೊದಲು ವಿಜಯಾ ಬ್ಯಾಂಕು, ಮರುವರ್ಷ ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು ದೊಡ್ಡ ಬ್ಯಾಂಕುಗಳಲ್ಲಿ ಸೇರಿಹೋದವು. ಆದೇಶದಲ್ಲಿ ‘ವಿಲೀನ’ ಎಂದಿತ್ತು. ಅಷ್ಟರ ಮಟ್ಟಿಗೆ ಆದೇಶದ ಭಾಷೆ ಪತ್ರಿಕೆಯ ಭಾಷೆಗಿಂತ ಪ್ರಾಮಾಣಿಕ ಎಂದು ಒಬ್ಬ ಗುಮಾಸ್ತನಾಗಿ ನಾವು ಸ್ವಲ್ಪ ಜಂಭದಿಂದಲೇ ಹೇಳುತ್ತೇವೆ.

ಹಾಗಾದರೆ ಆ ಶಬ್ದವನ್ನು ಬಳಸಲೇಬಾರದೆ? ಬಳಸಬೇಕು, ಸಲ್ಲುವ ಕಡೆ. ನಾವು ದಿನಾ ಓಡಾಡುವ ಈ ವಡಾಲದಲ್ಲೇ 1930ರಲ್ಲಿ ಉಪ್ಪಿನ ಕೋಠಿಯ ಮೇಲೆ ಸತ್ಯಾಗ್ರಹಿಗಳು ಮತ್ತೆ ಮತ್ತೆ ನುಗ್ಗಿದರು; ಜೂನ್ 1ರಂದು ಬಂದವರು ಸುಮಾರು ಹದಿನೈದು ಸಾವಿರ. ಲಾಠಿಯೂ ಸೆರೆಮನೆಯೂ ಕಾದಿವೆಯೆಂದು ತಿಳಿದೇ ಬಂದವರು. ಮನೆಗೆ ಹಿಂದಿರುಗುವ ದಾರಿ ತೆರೆದೇ ಇತ್ತು. ಇಲ್ಲಿಂದ ಐದು ತೋಟಗಳನ್ನು ದಾಟಿ ನಡೆದರೆ ದಾದರಿನ ಹಿಂದೂ ಕಾಲನಿಯಲ್ಲಿ ಅಂಬೇಡಕರರ ರಾಜಗೃಹ. ಹಿಂದೂವಾಗಿ ಸಾಯುವುದಿಲ್ಲವೆಂದು ಅವರು ಯೇವಲೆಯಲ್ಲಿ ಸಾರಿದ್ದು 1935ರಲ್ಲಿ, ನಾಗಪುರದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡದ್ದು 1956ರ ಅಕ್ಟೋಬರ್ 14ರಂದು. ನಡುವೆ ಇಪ್ಪತ್ತೊಂದು ವರ್ಷ ಓದಿದರು, ತೂಗಿದರು. ಅವರು ಬೌದ್ಧ ಧರ್ಮವನ್ನು ಅಪ್ಪಿಕೊಂಡರು ಎಂದರೆ ಆ ಶಬ್ದವೇ ದೊಡ್ಡದಾಗುತ್ತದೆ.

ಮೂರನೆಯದು ನಮ್ಮ ಸೀಮೆಯದು. ಸ್ವಲ್ಪ ಹೆಚ್ಚು ಹೇಳಿದರೆ ಓದುಗರು ಕ್ಷಮಿಸಬೇಕು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಸುತ್ತಿನ ಜನ ಕಾಡಿಗೆ ಹೋಗಿ, ಕಡಿಯಲೆಂದು ಗುರುತು ಹಾಕಿದ್ದ ಮರಗಳನ್ನು ತಬ್ಬಿ ನಿಂತರು. ನೈಸರ್ಗಿಕ ಕಾಡನ್ನು ಬೋಳಿಸಿ ತೇಗ ನೆಡುವುದು ಆಗಿನ ಅರಣ್ಯ ನೀತಿ. ಅಡಿಕೆ ತೋಟಕ್ಕೆ ಸೊಪ್ಪು, ಒಲೆಗೆ ಕಟ್ಟಿಗೆ, ಹಳ್ಳಕ್ಕೆ ನೀರು ಎಲ್ಲ ಆ ಕಾಡಿನಿಂದಲೇ ಬರಬೇಕಾದ ಜನಕ್ಕೆ ಅದು ಹೊಟ್ಟೆಯ ಪ್ರಶ್ನೆ. ಉತ್ತರದ ಹಿಮಾಲಯದಲ್ಲಿ ಹತ್ತು ವರ್ಷ ಹಿಂದೆ ಚಿಪ್ಕೋ ನಡೆದಿತ್ತು; ಸುಂದರಲಾಲ ಬಹುಗುಣರು ಈ ಕಡೆಗೂ ಬಂದು ಹೇಳಿದ್ದರು; ಪಾಂಡುರಂಗ ಹೆಗಡೆಯವರು ಮುಂದೆ ನಿಂತು ನಡೆಸಿದರು. ಚಿಪ್ಕೋ ಎಂದರೆ ಅಕ್ಷರಶಃ ಅಂಟಿಕೋ ಎಂದು. ನಮ್ಮವರು ‘ಅಂಟಿಕೋ’ ಎನ್ನಲಿಲ್ಲ, ‘ಅಪ್ಪಿಕೋ’ ಎಂದರು. ಆ ಹೆಸರಿಟ್ಟವರಿಗೆ ಕನ್ನಡ ಬರುತ್ತಿತ್ತು ಎಂದು ನಮಗೆ ಹೆಮ್ಮೆ. ಆಗ ನಮಗೆ ಮೂರೋ ನಾಲ್ಕೋ ವರ್ಷ. ಕಂಡದ್ದಿಲ್ಲ, ಮನೆಯಲ್ಲಿ ಕೇಳಿದ್ದು. ‘ಮರದ ತೊಗಟೆ ಎದೆಗೆ ಚುಚ್ಚುತ್ತದೆ, ಚಿಗಳಿ ಕಚ್ಚುತ್ತದೆ’ ಎಂದು ನಮ್ಮ ಅಜ್ಜ ಹೇಳುತ್ತಿದ್ದ. ಮುಂದೆ ಕಾಲೇಜಿನಲ್ಲಿ ನ್ಯೂಟನ್ನನ ಮೂರನೆಯ ನಿಯಮ ಓದಿದಾಗ, ನಾವು ಮರವನ್ನು ಒತ್ತಿದಷ್ಟೇ ಮರವೂ ನಮ್ಮನ್ನು ಒತ್ತುತ್ತದೆ ಎಂದು ಅಜ್ಜನ ಮಾತೇ ನೆನಪಾಯಿತು. ಉಳಿಸು, ಬೆಳೆಸು, ಬಳಸು ಎಂಬುದು ಅವರ ಘೋಷವಾಗಿತ್ತು. ಕಾಡನ್ನು ಪೂಜೆಗಿಡಬೇಕೆಂದವರಲ್ಲ, ಬಳಸುವ ಲೆಕ್ಕಾಚಾರವೂ ಅದರಲ್ಲಿತ್ತು. ಅರ್ಥಶಾಸ್ತ್ರದಲ್ಲಿ ಅಪ್ಪುಗೆಗೆ ಜಾಗವಿದ್ದರೆ ಇಂಥಲ್ಲಿ.

ಇಷ್ಟೆಲ್ಲ ಯೋಚಿಸಿ, ತಿದ್ದಿದ ಪ್ರತಿಯನ್ನು ಹಿಡಿದು ಮತ್ತೆ ಕಾತ್ರಕ್ ರಸ್ತೆಗೆ ಹೋದೆವು. ಈ ಸಲ ಬರೆದದ್ದು: ‘ಒತ್ತಾಯದ ನಿವೃತ್ತಿಗೆ ಬಲಿಯಾದರು.’ ಮಗ ಓದಿ ಹೇಳಿದ. ಓದಿ ಮುಗಿಸಿ ಅವನೇ, “ಆದರೆ ಅಪ್ಪ, ಅವತ್ತು ಸಂಜೆ ನೀವು ಪೇಡೆ ತಂದಿದ್ದಿರಲ್ಲ?” ಎಂದ.

ಹಿರಿಯರು ನಕ್ಕರು. “ತಂದದ್ದು ಹೌದು. ಊರಿನ ಮನೆಯ ಸಾಲ ತೀರುತ್ತದಲ್ಲ ಅಂತ ಖುಷಿಯಾಗಿತ್ತು. ರಾತ್ರಿ ನಿದ್ರೆ ಬರಲಿಲ್ಲ, ಅದೂ ಹೌದು.” ಮತ್ತೆ ನಮ್ಮತ್ತ ತಿರುಗಿ, “ನಾನು ಎಂತ ಬಲಿ ಕೊಟ್ಟ ಕೋಳಿಯಾ? ಸಹಿ ಹಾಕಿದರು ಅಂತ ಬರೀರಿ, ಸಾಕು” ಎಂದರು.

ಇದು ನಮಗೆ ಹೊಳೆದೇ ಇರಲಿಲ್ಲ. ಅಪ್ಪಿಕೊಂಡರು ಎಂದು ಬರೆದಾಗ ಅವರ ಎದೆಯೊಳಗೆ ಹೊಕ್ಕು ಸಂತೋಷವನ್ನಿಟ್ಟಿದ್ದೆವು. ಬಲಿಯಾದರು ಎಂದು ಬರೆದಾಗ ಅದೇ ಬಾಗಿಲಿನಿಂದ ಹೊಕ್ಕು ದುಃಖವನ್ನಿಟ್ಟಿದ್ದೆವು. ಎರಡು ಸಲವೂ ಅವರನ್ನು ಕೇಳಿರಲಿಲ್ಲ. ರಾಜಕೀಯ ಬರೆಯುವವರಲ್ಲಿ ಎಡದವರು ಒಂದು ತಪ್ಪು ಮಾಡಿದರೆ ಬಲದವರು ಇನ್ನೊಂದು ಮಾಡುತ್ತಾರೆ ಎನ್ನುವುದುಂಟು; ನಾವು ಒಬ್ಬರೇ ಹದಿನೈದು ದಿನದಲ್ಲಿ ಎರಡನ್ನೂ ಮಾಡಿ ಮುಗಿಸಿದ್ದೆವು.

ಈಗ ಸ್ಮರಣ ಸಂಚಿಕೆಯ ಇಡೀ ಕರಡನ್ನು ಮತ್ತೆ ತಿರುವಿ ಹಾಕಿದ್ದೇವೆ. ‘ಅಪ್ಪಿಕೊಂಡ’ ಎಂಬುದು ಏಳು ಕಡೆ ಇತ್ತು, ಐದು ನಮ್ಮವೇ. ರಾತ್ರಿ ಶಾಲೆಯಲ್ಲಿ ಹಗಲಿನ ಕೆಲಸ ಮುಗಿಸಿ ಬಂದು ಹೋಟೆಲ್ ಹುಡುಗರಿಗೆ ಕಲಿಸಿದ ಮಾಸ್ತರರೊಬ್ಬರ ಬಗ್ಗೆ ಬರೆದದ್ದನ್ನು ಹಾಗೆಯೇ ಉಳಿಸಿಕೊಂಡೆವು. ಅವರ ಬಳಿ ಕಲಿತ ನಮ್ಮ ಹಿರಿಯರನ್ನು ಕೇಳಿಯೇ ಉಳಿಸಿಕೊಂಡದ್ದು. ಐದನ್ನು ತಿದ್ದಿದ್ದಾಯಿತು. ಉಳಿದದ್ದು ಮುನ್ನುಡಿಯಲ್ಲಿರುವ ಒಂದು: ‘ನಮ್ಮ ಮಕ್ಕಳು ಇಂಗ್ಲಿಷ್ ಮಾಧ್ಯಮವನ್ನು ಅಪ್ಪಿಕೊಂಡದ್ದರಿಂದ ಮುಂಬಯಿಯಲ್ಲಿ ಕನ್ನಡ ಓದುವವರ ಸಂಖ್ಯೆ ಇಳಿಯುತ್ತಿದೆ.’ ಅದನ್ನೂ ಬರೆದವರು ನಾವೇ. ಕನ್ನಡಿಗರು ಬೆವರು ಸುರಿಸಿ ಕಟ್ಟಿದ ಶಾಲೆ ವಡಾಲದಲ್ಲೇ ಇದೆ; ಅದರ ಮುಂದಿನಿಂದಲೇ ಹಾದು ಹೋಗಿ ನಮ್ಮ ಮಗಳನ್ನು ಬೇರೆ ಕಡೆ ಇಂಗ್ಲಿಷ್ ಶಾಲೆಗೆ ಸೇರಿಸಿದೆವು. ಆಗ ಅವಳಿಗೆ ನಾಲ್ಕು ವರ್ಷ. ಮೊದಲ ದಿನ ಗೇಟಿನ ಬಳಿ ಅವಳು ಅಪ್ಪಿಕೊಂಡದ್ದು ನಮ್ಮ ಕಾಲನ್ನು.

ಆ ಸಾಲನ್ನು ‘ನಾವು ನಮ್ಮ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ್ದರಿಂದ’ ಎಂದು ತಿದ್ದಿ ಕಾರ್ಯದರ್ಶಿಯವರಿಗೆ ಕಳಿಸಿದ್ದೇವೆ. ಸದಸ್ಯರಿಗೆ ಬೇಸರವಾದೀತೇನೋ, ಸಮಿತಿಯಲ್ಲಿ ಒಮ್ಮೆ ಇಡೋಣ ಎಂದಿದ್ದಾರೆ. ಸಮಿತಿಯ ಸಭೆ ಬರುವ ಭಾನುವಾರ.